ಆರು ಕಾಲಿನ ಹಸುವಿನ ಪರ ನಿಂತವರು

ನಮ್ಮ ಡ್ರಾಯಿಂಗ್ ಮೇಷ್ಟ್ರ ಬಲಗಿವಿಯ ಮೇಲೆ ಯಾವಾಗಲೂ ಒಂದು ನೀಲಿ ಕಲೆ. ಬ್ರಷ್ಷನ್ನು ತೊಳೆಯದೆ ಅಲ್ಲೇ ಸಿಕ್ಕಿಸಿಕೊಳ್ಳುವುದು ಅವರ ಅಭ್ಯಾಸ. ಅವರ ಆಧುನಿಕ ಚಿತ್ರಗಳು ಬೆಂಗಳೂರಿನ ಗ್ಯಾಲರಿಗಳಲ್ಲಿ ತೂಗುತ್ತಿದ್ದವು; ಅವರು ಮಾತ್ರ ಕೋಲಾರ ಬಿಟ್ಟು ಕದಲಲಿಲ್ಲ. ಭಾನುವಾರ ಬಂತೆಂದರೆ ಎಲ್ಲಿ ಯಾರು ಏನು ಗೀಚಿದ್ದಾರೆಂದು ಹುಡುಕುತ್ತ, ಹಳೆಯ ಸ್ಕೂಟರಿನಲ್ಲಿ ನಂಗಲಿಯಿಂದ ಟೇಕಲ್‌ವರೆಗೆ ಸುತ್ತುತ್ತಿದ್ದರು. "ಕಲೀದೆ ಬರೆದೋರ ಕೈ ಸುಳ್ಳು ಹೇಳಲ್ಲ ಕಣೋ" ಎನ್ನುತ್ತಿದ್ದರು.

ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಅವರಿಗೊಬ್ಬ ಹೆಂಗಸು ಸಿಕ್ಕರು. ಹಸಿ ಹೆಂಚು ಹೊರುವ ಕೆಲಸ. ಊಟದ ಬಿಡುವಿನಲ್ಲಿ, ಮುಕ್ಕಾದ ಹಸಿ ಹೆಂಚುಗಳ ಮೇಲೆ ಪೊರಕೆ ಕಡ್ಡಿಯಿಂದ ಚಿತ್ರ ಬರೆಯುತ್ತಿದ್ದರು. ಮೇಷ್ಟ್ರು ಮಾಲೀಕರನ್ನು ಕಾಡಿ ಬೇಡಿ ಅವನ್ನು ಗೂಡಿನಲ್ಲಿ ಸುಡಿಸಿ ಉಳಿಸುತ್ತಿದ್ದರು. ಒಮ್ಮೆ ನನ್ನನ್ನೂ ಕರೆದೊಯ್ದರು. ಆಗಷ್ಟೇ ಕಲಾಶಾಲೆ ಮುಗಿಸಿದ ಕೊಬ್ಬು ನನಗೆ. ನೋಡಿದರೆ ಆಯಮ್ಮನ ಹಸುವಿಗೆ ಆರು ಕಾಲು. "ಹಸುಗೆ ನಾಲ್ಕೇ ಕಾಲಮ್ಮಾ" ಎಂದು ಹೆಬ್ಬೆರಳಿನಿಂದ ಎರಡನ್ನು ಅಳಿಸಿಬಿಟ್ಟೆ. ಆಯಮ್ಮ ತಲೆ ತಗ್ಗಿಸಿ ಕಡ್ಡಿಯನ್ನು ಕೆಳಗಿಟ್ಟರು.

ಮೇಷ್ಟ್ರು ಕೆಂಡವಾದರು. "ಲೇ, ಆಯಮ್ಮನ ಹಸು ನಡೀತಾ ಇತ್ತು. ನೀನು ಅದನ್ನ ನಿಲ್ಲಿಸ್ಬಿಟ್ಟೆ. ಕೇಳು ಕ್ಷಮೆ!"

ಕೇಳಿದೆ. ಆದರೂ ಆಯಮ್ಮ ಎರಡು ತಿಂಗಳು ಕಡ್ಡಿ ಮುಟ್ಟಲಿಲ್ಲವಂತೆ. ಆ ಪಾಪ ನನ್ನದೇ.

ಕೋಲಾರದಲ್ಲಿ ಒಂದು ಕಲಾಪ್ರದರ್ಶನವಾಯಿತು. ಮೇಷ್ಟ್ರು ತಮ್ಮ ಚಿತ್ರಗಳ ಜೊತೆ ಆಯಮ್ಮನ ಹೆಂಚುಗಳನ್ನೂ ಕಳಿಸಿದ್ದರು. ಅದನ್ನು ನಡೆಸಿದವರು ಆ ಹೆಂಚುಗಳನ್ನು ಏನು ಮಾಡಿದರು ಗೊತ್ತೇ? ಚಪ್ಪಲಿ ಬಿಡುವ ಜಾಗದ ಪಕ್ಕ ನೆಲದ ಮೇಲಿಟ್ಟು, 'ಕರಕುಶಲ ವಸ್ತು' ಎಂದು ಚೀಟಿ ಅಂಟಿಸಿದರು. ಬರೆದವರ ಹೆಸರೇ ಇಲ್ಲ!

"ಕೂಲಿ ಹೆಂಗಸು ಸಾರ್, ನಿಮ್ಮ ಚಿತ್ರದ ಪಕ್ಕ ಹೆಂಗ್ ಹಾಕೋದು?" ಎಂದರು ವ್ಯವಸ್ಥಾಪಕರು.

ಮೇಷ್ಟ್ರು ತಮ್ಮ ಚಿತ್ರಗಳನ್ನೆಲ್ಲ ಗೋಡೆಯಿಂದ ಇಳಿಸಿ ತಂದು ಚಪ್ಪಲಿಗಳ ಪಕ್ಕ ಒರಗಿಸಿದರು. "ಈಗ ಪಕ್ಕಪಕ್ಕದಾಗೇ ಅವೆ, ನೋಡ್ಕೊಳ್ರಿ."

ಆಮೇಲೆ ಆ ಜನ ಅವರನ್ನು ಯಾವ ಪ್ರದರ್ಶನಕ್ಕೂ ಕರೆಯಲಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಬದುಕಿದ್ದಾಗ ಹತ್ತಿರ ಸೇರಿಸದಿದ್ದವರೇ ಶ್ರದ್ಧಾಂಜಲಿ ಸಭೆ ಮಾಡಿದರು. ಎಂಥ ನಾಚಿಕೆಗೇಡು! "ಓದುಬರಹವಿಲ್ಲದ ಹೆಣ್ಣಿಗೆ ಕಲೆ ಕಲಿಸಿದ ಮಹಾನುಭಾವರು" ಎಂದು ಒಬ್ಬರಾದ ಮೇಲೊಬ್ಬರು ಕೊರೆದರು. ಆಯಮ್ಮ ಕೊನೆಯ ಸಾಲಿನಲ್ಲಿ ಕುಳಿತೇ ಇದ್ದರು. ಒಬ್ಬರಾದರೂ ತಿರುಗಿ ನೋಡಲಿಲ್ಲ. ನಾನೇ ವೇದಿಕೆ ಹತ್ತಿ ಮೈಕು ಕಿತ್ತುಕೊಂಡು ಆಯಮ್ಮನನ್ನು ಕರೆದೆ.

"ಮೇಷ್ಟ್ರು ನಂಗೇನೂ ಕಲಿಸ್ಲಿಲ್ಲ" ಎಂದರು ಆಯಮ್ಮ. ಸಭೆ ಗೊಳ್ಳೆಂದು ನಕ್ಕಿತು. ನಗು ನಿಲ್ಲುವ ತನಕ ಕಾದು ಹೇಳಿದರು:

"ನಾನು ಗೀಚ್ತಾ ಇದ್ರೆ ಪಕ್ಕದಾಗೆ ಸುಮ್ಕೆ ಕೂತ್ಕೊಂತಿದ್ರು. ಹಿಂಗ್ ಮಾಡು, ಹಂಗ್ ಮಾಡು ಅನ್ನದೇ ಇದ್ದ ಗಂಡ್ಸು ನನ್ ಜೀವ್ನದಾಗೆ ಅವ್ರೊಬ್ರೇ."