ಬೂದೆಪ್ಪ ಹೇಳಿದ ಪ್ರಪಂಚ

ನಮ್ಮಪ್ಪ ಬೂದೆಪ್ಪನಿಗೆ ಇಂಗ್ಲಿಷ್ ಬರುತ್ತದೆ ಎಂದು ಬಾಲಾನಗರದ ನಮ್ಮ ಗಲ್ಲಿಯಲ್ಲಿ ಎಲ್ಲರೂ ನಂಬಿದ್ದರು. ಯಾದಗಿರಿ ಕಡೆಯಿಂದ ದುಡಿಯಲು ಬಂದವರ ಗಲ್ಲಿ ಅದು. ಗಂಡಸರು ವರ್ಕ್‌ಶಾಪುಗಳಲ್ಲಿ ಕಬ್ಬಿಣ ಹೊರುತ್ತಿದ್ದರು, ಹೆಂಗಸರು ಕಟ್ಟಡಗಳಲ್ಲಿ ಸಿಮೆಂಟಿನ ಪುಟ್ಟಿ ಹೊರುತ್ತಿದ್ದರು. ಹೊರಗೆ ಹಿಂದಿ, ತೆಲುಗು ಹೇಗೋ ನಡೆಯುತ್ತಿತ್ತು. ಇಂಗ್ಲಿಷ್ ಮಾತ್ರ ಯಾರ ಹತ್ತಿರವೂ ಸುಳಿದಿರಲಿಲ್ಲ. ಅಪ್ಪ ಹೆಲ್ಪರ್ ಆಗಿದ್ದ ವರ್ಕ್‌ಶಾಪಿನ ಯಜಮಾನ ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದನಂತೆ. ಅದನ್ನು ಕೇಳಿ ಕೇಳಿ ತನಗೂ ಬಂತು ಎಂದು ಅಪ್ಪ ಹೇಳಿಕೊಂಡಿದ್ದ. ಕೇಳಿ ಕೇಳಿ ಬರುವುದಾದರೆ, ಸಿಕಂದರಾಬಾದ್ ಸ್ಟೇಷನ್ ಎದುರಿನ ಸೀರೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ನಾನು ಇಷ್ಟು ಹೊತ್ತಿಗೆ ರೈಲಿನ ಅನೌನ್ಸ್‌ಮೆಂಟ್ ಮಾಡಬೇಕಿತ್ತು.

ಭಾನುವಾರ ಸಂಜೆ ಅಪ್ಪ ನಮ್ಮ ಹಳೆಯ ಟಿವಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಡುತ್ತಿದ್ದ. ಗಲ್ಲಿಯವರು ಹೊರಗೆ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಸೀರಿಯಲ್ ಅವನಿಗೆ ಆಗುತ್ತಿರಲಿಲ್ಲ. “ಅತ್ತಿ ಸೊಸಿಗೆ ವಿಷ ಹಾಕೋದು ನೋಡಕೋತ ರೊಟ್ಟಿ ತಿನ್ನಾಕ ಬರ್ತೈತೇನು?” ಎನ್ನುತ್ತಿದ್ದ. ಅವನಿಗೆ ಬೇಕಾದದ್ದು ಗ್ರಹ, ನಕ್ಷತ್ರ, ಹಳೇ ರಾಜರ ಊರು, ಯಾರೋ ಒಬ್ಬ ಬ್ಯಾಗು ಹೊತ್ತು ದೇಶ ಸುತ್ತುವುದು. ನಮ್ಮ ಕೇಬಲ್ಲಿನಲ್ಲಿ ಆ ಚಾನೆಲ್ ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ ಮಾತ್ರ. ಟಿವಿಯವನು ಒಂದು ಮಾತು ಆಡಿ ಉಸಿರು ತೆಗೆದುಕೊಳ್ಳುವುದರೊಳಗೆ ಅಪ್ಪ ಅದನ್ನು ಕನ್ನಡದಲ್ಲಿ ಹೇಳಿ, ಮೇಲೆ ತನ್ನದೂ ನಾಲ್ಕು ಸೇರಿಸಿ ಮುಗಿಸುತ್ತಿದ್ದ.

ರೋಮಿನ ಅರ್ಧ ಮುರಿದ ದೊಡ್ಡ ಕಟ್ಟಡ ಬಂದರೆ, “ರೋಡ್ ಅಗಲ ಮಾಡಾಕ ಮುನಸಿಪಾಲ್ಟಿಯವ್ರು ಕೆಡವ್ಯಾರ, ಆಮ್ಯಾಲ ಕೋರ್ಟ್ ಸ್ಟೇ ಬಂದೈತಿ” ಎಂದು ಹೇಳುತ್ತಿದ್ದ. ಮರಳುಗಾಡಿನಲ್ಲಿ ಒಂಟೆಗಳ ಸಾಲು ಕಂಡರೆ ಅದು ಹೆಣ್ಣು ನೋಡಲು ಹೊರಟ ಬೀಗರ ದಂಡು. ಯಾರೂ ಅಲ್ಲ ಎನ್ನುತ್ತಿರಲಿಲ್ಲ. ಅಪ್ಪ ಹೇಳಿದರೆ ದೂರದ ದೇಶದವರೂ ನಮ್ಮ ಓಣಿಯವರೇ ಆಗುತ್ತಿದ್ದರು.

ಅವ್ವ ಗಂಗಾಬಾಯಿ ಶಾಲೆಯ ಮುಖ ಕಂಡವಳಲ್ಲ. ಅವಳ ಪಾಲಿಗೆ ಪ್ರಪಂಚ ಅಂದರೆ ಅಪ್ಪ ಹೇಳಿದ್ದು. ಕೆಲಸದ ಜಾಗದಲ್ಲಿ ಊಟಕ್ಕೆ ಕೂತಾಗ “ನಮ್ಮನಿಯವ್ರು ಹೇಳ್ಯಾರ” ಎಂದು ಶುರುಮಾಡಿ ಜ್ವಾಲಾಮುಖಿಯಿಂದ ತಿಮಿಂಗಿಲದವರೆಗೆ ಎಲ್ಲವನ್ನೂ ಹೇಳುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮುಖ ನೋಡಬೇಕಿತ್ತು, ಮೇಸ್ತ್ರಿಯ ಹೆಂಡತಿಗೂ ಅಷ್ಟು ಜಂಬ ಇರಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಅಪ್ಪ ಜ್ವರ ಬಂದು ತೀರಿಕೊಂಡ. ಅವ್ವ ಟಿವಿಯ ಮೇಲೆ ಬಟ್ಟೆ ಹೊದಿಸಿಬಿಟ್ಟಳು. ಈ ದಸರೆಗೆ ನಾನು ಹೊಸ ಟಿವಿ ತಂದೆ. ಅದನ್ನು ಕೂರಿಸಲು ಬಂದವನು, ಆ ಚಾನೆಲ್ಲಿನ ಮಾತನ್ನು ಕನ್ನಡಕ್ಕೆ ಬದಲಿಸಬಹುದು ಎಂದು ಗುಂಡಿ ತೋರಿಸಿಕೊಟ್ಟ. ನಾನು ಹಿಗ್ಗಿಹೋದೆ. ಅಪ್ಪನ ಹಾಗೆ ಯಾರೋ ಕನ್ನಡದಲ್ಲಿ ಹೇಳುತ್ತಾರೆ, ಅವ್ವನಿಗೆ ಜೀವ ಬರುತ್ತದೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಭಾನುವಾರ ಸಂಜೆ ಪಕ್ಕದ ಮನೆಯ ಸಾಬಮ್ಮನೂ ಬಂದಳು. ಆ ಚಾಪೆಗಳ ಮೇಲೆ ಕೂತು ಅಪ್ಪನ ಮಾತು ಕೇಳುತ್ತಲೇ ಮುದುಕಿಯಾದವಳು ಅವಳು. ಮೊದಲು ಶನಿಗ್ರಹ ಬಂತು. ಅದರ ಸುತ್ತಲಿನ ಬಳೆ ಕಂಡದ್ದೇ ಅವ್ವ ನಕ್ಕು, ಅಪ್ಪ ಹೇಳಿದ್ದನ್ನೇ ಎತ್ತಿ, “ವಾಷರ್ ನೋಡ ಸಾಬಮ್ಮ. ಅದು ಇಲ್ಲಂದ್ರ ಅಷ್ಟು ದೊಡ್ಡ ಗ್ರಹ ತಿರುಗಿ ತಿರುಗಿ ಸವೀತಿತ್ತಂತ” ಎಂದಳು. ಟಿವಿಯ ಹೆಂಗಸು ಅಚ್ಚ ಕನ್ನಡದಲ್ಲಿ, ಅದು ಮಂಜುಗಡ್ಡೆ ಮತ್ತು ಕಲ್ಲಿನ ಚೂರುಗಳಿಂದಾದದ್ದು ಎಂದಳು. ಅವ್ವ ನನ್ನ ಮುಖ ನೋಡಿದಳು.

ಆಮೇಲೆ ಬೆಟ್ಟದ ನೆತ್ತಿಯ ಮೇಲೆ ಕಲ್ಲಿನ ಊರು ಬಂತು. ಗೋಡೆಗಳಿವೆ, ಚಾವಣಿ ಇಲ್ಲ. ಮೇಸ್ತ್ರಿ ರೊಕ್ಕ ತಿಂದು ಓಡಿಹೋಗಿದ್ದಕ್ಕೆ ಸ್ಲ್ಯಾಬ್ ಹಾಕುವುದು ಉಳಿಯಿತು ಎಂದು ಅಪ್ಪ ಹೇಳಿದ್ದ ಊರು. ಅಂಥ ಮೇಸ್ತ್ರಿಯ ಕೈಕೆಳಗೆ ದುಡಿಯದವರು ಗಲ್ಲಿಯಲ್ಲಿ ಯಾರಿದ್ದರು, ಎಲ್ಲರೂ ನಂಬಿದ್ದರು. ಈಗ ನೋಡಿದರೆ ಚಾವಣಿಗೆ ಹುಲ್ಲು ಹೊದಿಸಿದ್ದರಂತೆ, ಜನ ಊರು ಬಿಟ್ಟ ಮೇಲೆ ಅದು ಕೊಳೆತುಹೋಯಿತಂತೆ.

ಸಾಬಮ್ಮ ಬಿದ್ದು ಬಿದ್ದು ನಕ್ಕಳು. “ಹಾಂಗಾರ ಬೂದೆಪ್ಪಣ್ಣ ಇಷ್ಟು ವರ್ಷ ನಮಗ ಬುರುಡಿ ಬಿಟ್ಟಾನ. ಅಂವಗ ಇಂಗ್ಲಿಷ್ ಬರ್ತಿದ್ದಿಲ್ಲ!”

“ಅದೂ ಸುಳ್ಳೇನು ಶೈಲಾ?” ಎಂದು ಅವ್ವ ನನ್ನನ್ನು ಕೇಳಿದಳು. ಅವಳ ದನಿ ಇಳಿದುಹೋಗಿತ್ತು. ಅಪ್ಪ ತೀರಿಕೊಂಡಾಗ ಅವಳು ಗಂಡನನ್ನು ಕಳೆದುಕೊಂಡಿದ್ದಳು. ಈಗ ಅವನು ಕೊಟ್ಟು ಹೋದದ್ದೂ ಒಂದೊಂದಾಗಿ ಹೋಗುತ್ತಿತ್ತು. ನನಗೆ ಸಾಬಮ್ಮನ ಮೇಲೆ ಸಿಟ್ಟು ಬಂತು, ಟಿವಿಯ ಆ ಹೆಂಗಸಿನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಯಾರು ಕೇಳಿದ್ದರು ಇವಳನ್ನು?

ಮೂರನೆಯದು ಪ್ರವಾಸದ ಕಾರ್ಯಕ್ರಮ. ಹಡಗು ಹತ್ತಿದವನೊಬ್ಬ ದಕ್ಷಿಣದ ತುದಿಯ ಹಿಮದ ನಾಡಿಗೆ ಹೋಗಿ ಇಳಿದ. ಗಾಳಿಯಲ್ಲಿ ಒತ್ತೊತ್ತಾಗಿ ನಿಂತ ಪೆಂಗ್ವಿನ್ ಹಕ್ಕಿಗಳ ಹಿಂಡು ಕಂಡಿತು.

“ಸಾಕು, ಬಂದ್ ಮಾಡ” ಎಂದಳು ಅವ್ವ.

ಯಾಕೆಂದು ನನಗೆ ಗೊತ್ತಿತ್ತು. ನಾನು ಹುಟ್ಟಿದ ವರ್ಷ ಅಪ್ಪನ ಕಾಲ ಮೇಲೆ ಕಬ್ಬಿಣದ ತೊಲೆ ಬಿದ್ದು ಅವನು ಮನೆ ಹಿಡಿದಿದ್ದ. ಶಂಶಾಬಾದಿನಲ್ಲಿ ಆಗ ಏರ್‌ಪೋರ್ಟ್ ಕಟ್ಟುತ್ತಿದ್ದರು. ಅವ್ವ ಮೊಲೆ ಬಿಡಿಸಿ, ನನ್ನನ್ನು ಅಪ್ಪನ ಮಡಿಲಿಗೆ ಹಾಕಿ, ಅಲ್ಲಿನ ಲೇಬರ್ ಶೆಡ್ಡಿಗೆ ಹೋದಳು. ಹಾಲುಗೂಸು ಬಿಟ್ಟು ಹೋದವಳು ಎಂದು ಗಲ್ಲಿಯ ಹೆಂಗಸರು ಆಡಿಕೊಂಡರು. ಅಪ್ಪ ಪ್ಲಾಸ್ಟರ್ ಕಾಲು ಚಾಚಿ ಕೂತು ನನಗೆ ಬಾಟಲಿ ಹಾಲು ಕುಡಿಸಿದ, ನನ್ನ ಬಟ್ಟೆ ಒಗೆದ. ತಿಂಗಳುಗಳ ಮೇಲೆ ಅವ್ವ ಕೆಲಸ ಮುಗಿಸಿ ಬಂದು ಕೈ ಚಾಚಿದಾಗ ನಾನು ಕಿಟಾರನೆ ಕಿರುಚಿ ಅಪ್ಪನ ಕುತ್ತಿಗೆ ಬಿಗಿಹಿಡಿದೆನಂತೆ. ಅವ್ವ ಹೊಸ್ತಿಲಲ್ಲೇ ಕುಸಿದು ಕೂತಳಂತೆ.

ಆಗ ಅಪ್ಪ ಹೇಳಿದ್ದು ಈ ಹಕ್ಕಿಯ ಕತೆ. “ಟಿವಿಯಾಗ ನೋಡೀನಿ ಗಂಗಾ. ಬರ್ಫದ ದೇಶದಾಗ ಒಂದು ಹಕ್ಕಿ ಐತಿ. ಹೆಣ್ಣು ತತ್ತಿ ಇಟ್ಟು ದುಡಿಯಾಕ ಭಾಳ ದೂರ ಹೋಗ್ತೈತಿ. ಗಂಡು ಅದನ್ನ ಕಾಲ ಮ್ಯಾಲ ಇಟ್ಕೊಂಡು ಕಾಯ್ತೈತಿ. ಹೆಣ್ಣು ವಾಪಸ್ ಬಂದಾಗ ಮರಿಗೆ ಗುರ್ತ ಇರಂಗಿಲ್ಲ. ಆಕಿ ಕೂಗಬೇಕು. ಕೂಗಿ ಕೂಗಿ ಆಕಿ ದನಿ ಮರಿಗೆ ರೂಢಿ ಆಗ್ತೈತಿ. ನೀನೂ ಕೂಗು.” ಅವ್ವ ರೊಟ್ಟಿ ಬಡಿಯುವಾಗ, ನೀರು ತರುವಾಗ, ದೂರದಿಂದಲೇ ನನ್ನ ಹೆಸರು ಹಿಡಿದು ಕೂಗುತ್ತಾ ಇದ್ದಳಂತೆ. ಒಂದು ದಿನ ನಾನಾಗಿಯೇ ಅವಳ ಕಡೆಗೆ ತೆವಳಿಕೊಂಡು ಹೋದೆನಂತೆ. ಈ ಕತೆ ಸಾಬಮ್ಮನಿಗೂ ಗೊತ್ತಿತ್ತು.

“ಇರ್ಲಿ ಬಿಡ ಗಂಗಾಬಾಯಿ, ಇದನೊಂದು ನೋಡಿಬಿಡೂನು” ಎಂದಳು ಸಾಬಮ್ಮ, ಇನ್ನೂ ನಗುತ್ತ.

ರಿಮೋಟ್ ನನ್ನ ಕೈಯಲ್ಲಿತ್ತು. ಇದೂ ಸುಳ್ಳಾದರೆ ಅವ್ವನಿಗೆ ಏನು ಉಳಿಯುತ್ತದೆ ಎಂದು ಹೆದರಿದೆ. ಆದರೂ ಗುಂಡಿ ಒತ್ತಲು ಬೆರಳು ಬರಲಿಲ್ಲ. ಆ ಕತೆಯಲ್ಲಿನ ಮರಿ ನಾನು; ಅದು ನಿಜವೋ ಸುಳ್ಳೋ ನನಗೂ ತಿಳಿಯಬೇಕಿತ್ತು.

ಟಿವಿಯ ಹೆಂಗಸು ಅದೇ ತಣ್ಣನೆಯ ದನಿಯಲ್ಲಿ ಹೇಳಿದಳು. ಮೊಟ್ಟೆಯಿಟ್ಟ ಹೆಣ್ಣು ಆಹಾರ ಹುಡುಕಿಕೊಂಡು ದೂರದ ಸಮುದ್ರಕ್ಕೆ ಹೋಗುತ್ತದೆ. ಗಂಡು ಮೊಟ್ಟೆಯನ್ನು ಪಾದಗಳ ಮೇಲಿಟ್ಟುಕೊಂಡು, ಉಪವಾಸವಿದ್ದು, ಕಡುಚಳಿಯಲ್ಲಿ ನಿಂತೇ ಕಾಯುತ್ತದೆ. ಹಿಂತಿರುಗಿದ ಹೆಣ್ಣು ಕೂಗುತ್ತದೆ. ಅಷ್ಟು ದೊಡ್ಡ ಹಿಂಡಿನಲ್ಲಿ ಗಂಡು ಅದನ್ನು ಗುರುತಿಸುವುದು ಆ ಕೂಗಿನಿಂದಲೇ. ಮರಿಯೂ ಬರಬರುತ್ತ ತಾಯಿಯ ದನಿಯನ್ನು ಕಲಿತುಕೊಳ್ಳುತ್ತದೆ.

ಸಾಬಮ್ಮನ ನಗು ನಿಂತಿತು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, “ಬೂದೆಪ್ಪಣ್ಣ ಖರೇನ ಹೇಳಿದ್ದ ನೋಡ” ಎಂದಳು. ನಾನು ಖುಷಿಯಿಂದ ಅವ್ವನ ಕಡೆ ತಿರುಗಿದೆ. ಗೆದ್ದೆವು ಎಂದು ಅವಳೂ ನಗುತ್ತಾಳೆ ಎಂದುಕೊಂಡಿದ್ದೆ. ಅವ್ವ ಅಳುತ್ತಿದ್ದಳು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಹಾಗೆ ಅತ್ತವಳಲ್ಲ.

“ಅಂವ ಹೇಳಿದ್ದೆಲ್ಲಾ ನಂಬಿದೆ ಯವ್ವಾ” ಎಂದಳು. “ಇದೊಂದ ನಂಬಿದ್ದಿಲ್ಲ. ನನ್ನ ಸಮಾಧಾನಕ್ಕ ಹೇಳ್ಯಾನ ಅಂದ್ಕೊಂಡಿದ್ದೆ.”