ಕಾಳಪ್ಪ ಪತ್ತಾರರ ಕಿರುಬೆರಳಿನ ಉಗುರು

ಕಾಳಪ್ಪ ಪತ್ತಾರರ ಕೈಯಲ್ಲಿ ಒಂದೇ ಒಂದು ಉಗುರು ಉದ್ದ ಇತ್ತು. ಬಲಗೈಯ ಕಿರುಬೆರಳಿನದು. ಉಳಿದ ಒಂಬತ್ತನ್ನೂ ಬುಡದವರೆಗೆ ಕತ್ತರಿಸಿ, ಇದೊಂದನ್ನು ಮಾತ್ರ ಸಣ್ಣ ಅರದಿಂದ ತೀಡಿ ತೀಡಿ ಸಾಕಿದ್ದರು. ಬಂಗಾರದ ಸರಕ್ಕೆ ಬೆಸುಗೆ ಹಾಕಿದ ಮೇಲೆ ಕಣ್ಣು ಮುಚ್ಚಿಕೊಂಡು ಆ ಉಗುರನ್ನು ಅದರ ಮೇಲೆ ಎಳೆಯುತ್ತಿದ್ದರು. ಎಲ್ಲೂ ತಡೆಯದೆ ಜಾರಿದರೆ ಕೆಲಸ ಮುಗಿಯಿತು. ತಡೆದರೆ ಸರ ಮತ್ತೆ ಅಗ್ಗಿಷ್ಟಿಕೆಯ ಮುಂದೆ ಬರುತ್ತಿತ್ತು.

“ಕಣ್ಣು ಒಮ್ಮೊಮ್ಮೆ ಸುಳ್ಳ ಹೇಳ್ತಾವರಿ ಅಕ್ಕೋರ. ಉಗುರಿಗೆ ಸುಳ್ಳ ಹೇಳಾಕ ಬರೂದಿಲ್ಲ” ಎನ್ನುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ನಾನು ಶಿಗ್ಗಾಂವಿಯ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಫಿಸಿಕ್ಸ್ ಕಲಿಸಿದವಳು. ಆ ಇಪ್ಪತ್ತೆಂಟು ವರ್ಷದ ಜಂಬವನ್ನು ಈ ಒಂದು ಉಗುರು ಹೇಗೆ ಇಳಿಸಿತು ಎಂಬುದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಶಿಗ್ಗಾಂವಿಗೆ ಹೆದ್ದಾರಿ ಇದೆ, ರೈಲಿಲ್ಲ. ಹಾನಗಲ್ಲಿಗೂ ಇಲ್ಲ, ಹಿರೇಕೆರೂರಿಗೂ ಇಲ್ಲ. ಸವಣೂರು ತಾಲೂಕಿನ ಅಂಚಿನಲ್ಲಿ ಮಾತ್ರ ರೈಲು ಹಾದುಹೋಗುತ್ತದೆ, ಅವರ ಪುಣ್ಯ. ನಿವೃತ್ತಳಾದ ಮೇಲೆ ಈ ಕೊರತೆಯನ್ನು ನಾನೇ ನೀಗಿಸಿಬಿಡೋಣ ಎಂದು ನಮ್ಮ ಮಾಳಿಗೆಯ ತಗಡಿನ ಕೋಣೆಯಲ್ಲಿ ಪ್ಲೈವುಡ್ ಹಲಗೆ ಹಾಸಿ ರೈಲು ಹಾಕಿದೆ. ಗೇಣುದ್ದದ ಇಂಜಿನ್, ನಾಲ್ಕು ಡಬ್ಬಿ, ಎರಡು ಹಳಿಗಳ ನಡುವೆ ಒಂದು ಬೆರಳಗಲ. ಕರೆಂಟು ಹಳಿಯಲ್ಲೇ ಹರಿಯುತ್ತದೆ, ಅದನ್ನು ಗಾಲಿಗಳು ಹೀರಿಕೊಂಡು ಇಂಜಿನ್ ಓಡುತ್ತದೆ. ಶಿಗ್ಗಾಂವಿ ಬಿಟ್ಟರೆ ಹಾನಗಲ್ಲು, ತಿಳವಳ್ಳಿ, ಹಿರೇಕೆರೂರು, ಆಮೇಲೆ ಸವಣೂರು ಸುತ್ತಿ ಮರಳಿ ಶಿಗ್ಗಾಂವಿ. ಸ್ಟೇಶನ್ನುಗಳ ಹೆಸರನ್ನು ಹಳದಿ ರಟ್ಟಿನ ಮೇಲೆ ನಾನೇ ಬರೆದೆ. ತಿಳವಳ್ಳಿಯಲ್ಲಿ ಹಳೆಯ ಗುಡಿ ಇರುವುದರಿಂದ ಅಲ್ಲಿ ಥರ್ಮೋಕೋಲಿನ ಒಂದು ಗುಡಿಯನ್ನೂ ಮಾಡಿಟ್ಟೆ.

ಇಷ್ಟೆಲ್ಲ ಆಯಿತು, ರೈಲು ಓಡಲಿಲ್ಲ. ತಿರುವಿನಲ್ಲಿ ಹಳಿ ತಪ್ಪುತ್ತಿತ್ತು. ಹಳಿಯ ತುಂಡುಗಳು ಕೂಡುವ ಕಡೆ ಮುಗ್ಗರಿಸುತ್ತಿತ್ತು. ಹಾನಗಲ್ಲಿನ ತನಕ ಕರೆಂಟು ಬಂದರೆ ಹಿರೇಕೆರೂರಿನಲ್ಲಿ ಇರುತ್ತಿರಲಿಲ್ಲ. ಓಮ್‌ನ ನಿಯಮವನ್ನು ಬಾಯಿಪಾಠ ಮಾಡಿಸಿದವಳು ನಾನು. ಕೈಯಲ್ಲಿ ಮೀಟರು ಹಿಡಿದು ಎರಡು ತಿಂಗಳು ಹಲಗೆಯ ಸುತ್ತ ತಿರುಗಿದೆ. ತುಂಡುಗಳಿಗೆ ಬೆಸುಗೆ ಹಾಕದೆ ಗತಿಯಿಲ್ಲ ಎಂದು ಗೊತ್ತಾಯಿತು. ನಾನು ಹಾಕಿದ ಬೆಸುಗೆಯನ್ನು ನೋಡಿದರೆ ಕಾಗೆ ಹಿಕ್ಕೆ ಹಾಕಿದಂತೆ ಕಾಣುತ್ತಿತ್ತು. ಕಡೆಗೆ ಒಂದು ತುಂಡು ಹಳಿಯನ್ನು ಚೀಲದಲ್ಲಿ ಹಾಕಿಕೊಂಡು ಹಿಂದಿನ ಓಣಿಯ ಕಾಳಪ್ಪ ಪತ್ತಾರರ ಅಂಗಡಿಗೆ ಹೋದೆ.

ಅಂಗಡಿ ಖಾಲಿ ಇತ್ತು. ಆ ಖಾಲಿತನಕ್ಕೆ ಒಂದು ಕಾರಣವಿತ್ತು, ಊರಿಗೆಲ್ಲ ಗೊತ್ತಿತ್ತು. ನಮ್ಮ ಎದುರು ಮನೆಯ ನೀಲವ್ವನ ಮಗಳ ಮದುವೆಯಲ್ಲಿ, ಅಕ್ಷತೆ ಬೀಳುವ ಹೊತ್ತಿಗೆ, ಪತ್ತಾರರು ಮಾಡಿಕೊಟ್ಟ ತಾಳಿ ಸರದ ಬೆಸುಗೆ ಬಿಟ್ಟು ಸರ ಮಂಟಪದಲ್ಲೇ ಜಾರಿ ಬಿದ್ದಿತ್ತು. ಅಪಶಕುನ ಎಂದರು, ಪತ್ತಾರರ ಕೈಗುಣ ಹೋಯಿತು ಎಂದರು. ಆಮೇಲೆ ಪತ್ತಾರರು ಕಣ್ಣಿನ ಪೊರೆ ತೆಗೆಸಿಕೊಂಡು ಬಂದು ಕುಳಿತರೂ ಯಾರೂ ಆ ಮೆಟ್ಟಿಲು ಹತ್ತಲಿಲ್ಲ. ನಾನೂ ಹೋದದ್ದು ನಂಬಿಕೆಯಿಂದಲ್ಲ, ಬೇರೆ ದಾರಿ ಇಲ್ಲದೆ. ಇದನ್ನು ಈಗಲಾದರೂ ಒಪ್ಪಿಕೊಳ್ಳಬೇಕು.

ಅವರು ಹಳಿಯ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಬೆಸುಗೆಯ ಮೇಲೆ ಉಗುರು ಎಳೆದರು.

“ಇದನ್ನ ಯಾರು ಮಾಡ್ಯಾರ್ರಿ?”

“ನಾನ.”

“ಹಂಗಾದ್ರ ನಾನೇನೂ ಅನ್ನೂದಿಲ್ಲ ಬಿಡ್ರಿ” ಎಂದು ಎದ್ದು ಅಂಗಿ ಹಾಕಿಕೊಂಡರು.

ಮೊದಲ ದಿನವೇ ಅನಾಹುತವಾಯಿತು. ಪತ್ತಾರರಿಗೆ ಊದುಗೊಳವೆ ಬಿಟ್ಟು ಬೇರೆ ಗೊತ್ತಿಲ್ಲ. ದೀಪದ ಉರಿಯನ್ನು ಸೂಜಿಯಂತೆ ಸಣ್ಣಗೆ ಮಾಡಿ ಊದಿದರು, ಬೆಸುಗೆ ಕೂತಿತು, ಅದರ ಜೊತೆಗೆ ಕೆಳಗಿದ್ದ ಪ್ಲಾಸ್ಟಿಕ್ಕಿನ ಪಟ್ಟಿಗಳೂ ಕರಗಿ ಕೂತವು. ನಾನು ಕೂಗಾಡಿದೆ. ಅವರು ಕೆಳಗಿಳಿದು ಹೋಗಿ ನಮ್ಮ ದೇವರ ಕೋಣೆಯ ಬತ್ತಿಯ ಹತ್ತಿ ತಂದರು. ನೀರಲ್ಲಿ ಅದ್ದಿ ಬೆಸುಗೆಯ ಎರಡೂ ಕಡೆ ಸುತ್ತಿದರು. “ಹರಳ ಕೂಡ್ಸಿದ ಉಂಗುರಕ್ಕ ಬೆಸಿಗಿ ಹಾಕೂಮುಂದ ಹಿಂಗ ಮಾಡ್ತೇವ್ರಿ. ಹರಳು ಸಿಡೀಬಾರ್ದಲ್ರಿ. ನಿಮ್ಮ ರೈಲಿಗೂ ಹರಳ ಐತಿ ಅಂತ ನನಗ ಗೊತ್ತಿರಲಿಲ್ಲ.” ಆಮೇಲೆ ಒಂದು ಪಟ್ಟಿಯೂ ಕರಗಲಿಲ್ಲ.

ಆ ಚಳಿಗಾಲವೆಲ್ಲ ದಿನಾ ಬೆಳಿಗ್ಗೆ ಬರುತ್ತಿದ್ದರು. ಚಹಾ ಕುಡಿದು, ಹಲಗೆಯ ಮೇಲೆ ಬಾಗಿ, ಒಂದು ಬೆಸುಗೆ ಹಾಕಿ, ಅರ ಹಚ್ಚಿ, ಉಗುರು ಎಳೆದು ಹೋಗುತ್ತಿದ್ದರು. ದಿನಕ್ಕೆ ಒಂದೇ. ಎರಡನೆಯದಕ್ಕೆ ಒತ್ತಾಯಿಸಿದರೆ “ನಾಳೆ ಅನ್ನೂದು ಐತಿಲ್ರಿ” ಎನ್ನುತ್ತಿದ್ದರು. ತಿರುವಿನಲ್ಲಿ ಹಳಿ ಒಳಕ್ಕೆ ಬಾಗಿದ್ದನ್ನು ಚಿಮಟದಿಂದ ಕೂದಲೆಳೆಯಷ್ಟು ಸರಿಸಿ ಸರಿಮಾಡಿದವರೂ ಅವರೇ. ಹಿರೇಕೆರೂರಿನ ಹತ್ತಿರ ಮಾತ್ರ ಒಂದು ಸಂದನ್ನು ಹಾಗೇ ಬಿಟ್ಟರು. ಬೆಸುಗೆ ಹಾಕಿರಿ ಎಂದರೆ ಹಾಕಲಿಲ್ಲ.

“ಬ್ಯಾಸಗಿಗೆ ತಗಡು ಕಾಯ್ತೈತಿ, ಹಳಿ ಹಿಗ್ಗತಾವು. ಒಂದ ಕಡೆ ಉಸರಾಡಾಕ ಜಾಗ ಬ್ಯಾಡೇನ್ರಿ?”

ಉಷ್ಣದಿಂದ ಲೋಹ ಹಿಗ್ಗುವ ಪಾಠಕ್ಕೆ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಚಿತ್ರವೇ ರೈಲು ಹಳಿಯ ಸಂದಿನದು. ವರ್ಷ ವರ್ಷ ಬರೆದಿದ್ದೆ. ನನ್ನ ಮನೆಯ ಹಳಿಯಲ್ಲಿ ಅದು ನೆನಪಾಗಲಿಲ್ಲ. ಏಪ್ರಿಲ್‌ನಲ್ಲಿ ತಗಡು ಕಾದು ಕೋಣೆ ಒಲೆಯಂತಾದಾಗ ಆ ಸಂದು ಮುಚ್ಚಿಕೊಂಡಿತು, ಹಳಿ ನೆಟ್ಟಗೇ ಇತ್ತು. ರೈಲು ನಾಲ್ಕೂ ಊರು ಮುಟ್ಟಿ ಬಂದಿತು. ಅವತ್ತು ಪತ್ತಾರರ ಮುಖ ನೋಡಬೇಕಿತ್ತು. ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು ಅಷ್ಟೆ.

ಆ ವರ್ಷದ ದಸರೆಗೆ ಊರವರಿಗೆ ರೈಲು ತೋರಿಸಬೇಕೆಂದು ನಾನೇ ನಿಶ್ಚಯಿಸಿದೆ. ಪತ್ತಾರರ ಬೆಸುಗೆಯನ್ನು ಊರು ಕಣ್ಣಾರೆ ನೋಡಲಿ, ಅಂಗಡಿಯ ಮೆಟ್ಟಿಲು ಮತ್ತೆ ಸವೆಯಲಿ ಎಂಬುದು ನನ್ನ ಆಸೆ. ಅವರಿಗೂ ಅದು ತಿಳಿದಿತ್ತು, ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಖಂಡೇನವಮಿಯ ದಿನ ತಮ್ಮ ಅರ, ಚಿಮಟ, ಊದುಗೊಳವೆಗಳ ಪೂಜೆ ಮುಗಿಸಿಕೊಂಡು ನಮ್ಮ ಮಾಳಿಗೆಗೂ ಬಂದು ಪೂಜೆ ಮಾಡಿದರು. ನಾನು ಕೆಳಗೆ ಹೋಳಿಗೆ ಲಟ್ಟಿಸುತ್ತಿದ್ದೆ. ಸಂಜೆ ನೋಡಿದಾಗ ಇಂಜಿನ್ನಿನ ಮೇಲೆ ಒಂದು ಚೆಂಡುಹೂ ಇತ್ತು, ತೆಗೆದಿಟ್ಟೆ.

ಮರುದಿನ ಬನ್ನಿ ಕೊಡಲು ಓಣಿಯವರೆಲ್ಲ ಬಂದರು. ಎಲ್ಲರನ್ನೂ ಮಾಳಿಗೆಗೆ ಹತ್ತಿಸಿದೆ. ಪತ್ತಾರರು ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು. ರೈಲು ಶಿಗ್ಗಾಂವಿ ಬಿಟ್ಟಿತು, ಹಾನಗಲ್ಲು ದಾಟಿತು, ತಿಳವಳ್ಳಿಯ ಗುಡಿಯ ಮುಂದೆ ಗಕ್ಕನೆ ನಿಂತಿತು. ಕೈಯಿಂದ ತಳ್ಳಿದರೆ ಓಡುತ್ತದೆ, ಮತ್ತೆ ಸುತ್ತಿ ಬಂದು ಅಲ್ಲೇ ನಿಲ್ಲುತ್ತದೆ. ಸರಿಯಾಗಿ ಪತ್ತಾರರ ಒಂದು ಬೆಸುಗೆಯ ಮೇಲೆ.

ನೀಲವ್ವ ಸೆರಗು ಸರಿಮಾಡಿಕೊಳ್ಳುತ್ತ, “ಪತ್ತಾರರ ಬೆಸಿಗಿ ಬಿಡೂದು ನಮಗೇನು ಹೊಸಾದಲ್ಲ ಬಿಡ್ರಿ” ಎಂದಳು.

ನಾನು ಆಗ ಸುಮ್ಮನಿದ್ದರೂ ಆಗುತ್ತಿತ್ತು. ನನ್ನ ರೈಲು ನಿಂತ ಸಿಟ್ಟಿಗೆ, “ಹೌದು, ಜಾಯಿಂಟ್ ಸಡಲ ಆಗಿರಬೇಕು” ಎಂದುಬಿಟ್ಟೆ. ತಿರುಗಿ ನೋಡಿದರೆ ಬಾಗಿಲಲ್ಲಿ ಪತ್ತಾರರು ಇರಲಿಲ್ಲ. ಅವರು ಎಲ್ಲರಿಗೂ ಕೊಡಲು ತಂದಿದ್ದ ಬನ್ನಿಯ ಎಲೆಗಳು ಹೊಸ್ತಿಲ ಮೇಲೆ ಇದ್ದವು.

ನಾಲ್ಕು ದಿನ ಅವರು ಬರಲಿಲ್ಲ. ನಾನು ಮೀಟರು ಹಿಡಿದೆ. ಅದು ಒಮ್ಮೆ ಕರೆಂಟು ಇದೆ ಎನ್ನುತ್ತಿತ್ತು, ಇನ್ನೊಮ್ಮೆ ಇಲ್ಲ ಎನ್ನುತ್ತಿತ್ತು. ಬೆಸುಗೆ ಬಿಟ್ಟಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ ಎಂದುಕೊಂಡೆ. ಐದನೆಯ ದಿನ ಬೆಳಿಗ್ಗೆ ಅವರೇ ಬಂದರು. ಚಹಾ ಬೇಡವೆಂದರು. ನೇರವಾಗಿ ತಿಳವಳ್ಳಿಯ ಮೇಲೆ ಬಾಗಿ, ಕಣ್ಣು ಮುಚ್ಚಿ, ಹಳಿಯ ಮೇಲೆ ಉಗುರು ಎಳೆದರು. ಎಲ್ಲೂ ತಡೆಯಲಿಲ್ಲ. ಇನ್ನೊಮ್ಮೆ ಎಳೆದರು.

“ಬೆಸಿಗಿ ಗಟ್ಟಿ ಐತ್ರಿ” ಎಂದರು. ಉಗುರನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದರ ತುದಿಯಲ್ಲಿ ಬೆಳ್ಳಗೆ ಏನೋ ಅಂಟಿತ್ತು. ಮೂಗಿನ ಹತ್ತಿರ ತಂದು ಮೂಸಿದರು.

ವಿಭೂತಿ. ಖಂಡೇನವಮಿಯ ದಿನ ಗುಡಿಯ ಮುಂದೆಯೇ ಪೂಜೆ ಆಗಬೇಕೆಂದು ಹಳಿಗೆ ಮೂರು ಬೆರಳಿನಿಂದ ನೀರಲ್ಲಿ ಕಲಸಿದ ವಿಭೂತಿ ಎಳೆದಿದ್ದರು. ಆಮೇಲೆ ಸೊಲ್ಲಾಪುರದ ಟವೆಲಿನಿಂದ ಒರೆಸಿಯೂ ಇದ್ದರು. ಬೆಳ್ಳಗಿನ ಹಳಿಯ ಮೇಲೆ ಉಳಿದ ತೆಳುವಾದ ಬೂದಿ ಯಾರ ಕಣ್ಣಿಗೂ ಬೀಳಲಿಲ್ಲ. ಬೂದಿಯನ್ನು ದಾಟಿ ಕರೆಂಟು ಹರಿಯುವುದಿಲ್ಲ. ನನ್ನ ಮೀಟರಿನ ಮೊನೆ ಬೂದಿಯನ್ನು ಗೀರಿದಾಗ ಕರೆಂಟು ತೋರಿಸಿದೆ, ಗೀರದಿದ್ದಾಗ ಇಲ್ಲ.

“ನನ್ನ ಕೈ ತಪ್ಪಿಲ್ರಿ ಅಕ್ಕೋರ. ನನ್ನ ಭಕ್ತಿ ಹೆಚ್ಚಾತು” ಎಂದರು. ಉಗುರಿನ ವಿಭೂತಿಯನ್ನು ಚೆಲ್ಲದೆ ತಮ್ಮ ಹಣೆಗೇ ಹಚ್ಚಿಕೊಂಡರು. ನನಗೆ ನಗು ಬಂತು, ಅದರ ಹಿಂದೆಯೇ ಅಳು. ಅವತ್ತು ಆಡಿದ ಮಾತಿಗೆ ತಪ್ಪಾಯಿತು ಎಂದೆ. “ಇಪ್ಪತ್ತೆಂಟು ವರ್ಷ ಕಲಿಸ್ದವರು ನೀವು. ಒಂದ ಸಲ ತಪ್ಪ ಹೇಳಿದ್ರ ಏನಾತು” ಎಂದು ಹಳಿ ಒರೆಸತೊಡಗಿದರು.

ಕೆಳಗಿಳಿದು ಹೋಗಿ ನೀಲವ್ವನನ್ನು ಕೈಹಿಡಿದು ಕರೆತಂದೆ. ರೈಲು ಹನ್ನೊಂದು ಸುತ್ತು ನಿಲ್ಲದೆ ಓಡಿತು. ವಿಭೂತಿಯ ಕತೆಯನ್ನು ನಾನು ಮುಚ್ಚಿಡಲು ನೋಡಿದೆ, ಪತ್ತಾರರು ಬಿಡಲಿಲ್ಲ. ಎಲ್ಲವನ್ನೂ ಅವರೇ ಹೇಳಿದರು. ಹೇಳಿದ ಮೇಲೆ ನೀಲವ್ವನ ಕಡೆ ತಿರುಗಿ, “ತಂಗಿ, ಇದು ನನ್ನ ಬೆಸಿಗಿ ತಪ್ಪಲ್ಲ. ಆದ್ರ ನಿನ್ನ ಮಗಳ ಸರ ನಂದ ತಪ್ಪು. ಅವತ್ತು ಕಣ್ಣು ಮಂಜ ಆಗಿದ್ವು. ಉಗುರು ತಡದಿತ್ತು, ನನಗ ಗೊತ್ತಾತು. ಮುಹೂರ್ತ ಬಂತಂತ ಹಂಗ ಕೊಟ್ಟೆ” ಎಂದರು.

ನೀಲವ್ವ ರೈಲು ಇನ್ನೊಂದು ಸುತ್ತು ಬರುವ ತನಕ ನೋಡುತ್ತ ನಿಂತು, ಆಮೇಲೆ ಇಳಿದು ಹೋದಳು. ಮರುವಾರ ಅದೇ ಸರವನ್ನು ಅರಿವೆಯಲ್ಲಿ ಸುತ್ತಿಕೊಂಡು ಪತ್ತಾರರ ಮೆಟ್ಟಿಲು ಹತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಅವಳ ಹಿಂದೆ ಓಣಿಯೂ ಹತ್ತಿತು. ಅಂಗಡಿಯಲ್ಲಿ ಊದುಗೊಳವೆಯ ಸದ್ದು ಮತ್ತೆ ಕೇಳತೊಡಗಿದಾಗ ನನಗಾದ ಹೆಮ್ಮೆ, ನನ್ನ ವಿದ್ಯಾರ್ಥಿಗಳು ಪಾಸಾದಾಗಲೂ ಆಗಿರಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಅವರ ಮನೆಯ ಪಡಸಾಲೆಯಲ್ಲಿ, ಹಾಸಿಗೆಯ ಮೇಲೆ. ಎದೆಯ ನೋವು, ಮಾತು ತಡೆದು ತಡೆದು ಬರುತ್ತಿತ್ತು. ರೈಲು ಹೇಗಿದೆ ಎಂದು ಕೇಳಿದರು. ನಡೆದಿದೆ ಎಂದೆ. ನನ್ನ ಕೈಯನ್ನು ಹಿಡಿದು ಬೆರಳುಗಳನ್ನು ಒಂದೊಂದಾಗಿ ನೋಡಿದರು.

“ಎಲ್ಲಾ ಕತ್ತರಸ್ತೀರಲ್ರಿ. ಒಂದ ಉಗುರಾದ್ರೂ ಬೆಳಸ್ರಿ ಅಕ್ಕೋರ. ನಾ ಇಲ್ದಾಗ ಹಳಿ ಯಾರು ನೋಡ್ತಾರ?”

ಅವರು ಹೋಗಿ ಎರಡು ವರ್ಷವಾಯಿತು. ಈ ಸಲದ ಖಂಡೇನವಮಿಗೆ ಹಳಿಯ ಮೇಲೆ ವಿಭೂತಿ ಎಳೆಯದೆ ಹಲಗೆಯ ಅಂಚಿಗೆ ಎಳೆದೆ. ರೈಲು ಬಿಡುವ ಮೊದಲು ಕಣ್ಣು ಮುಚ್ಚಿ, ಬೆಳೆಸಿದ ನನ್ನ ಕಿರುಬೆರಳಿನ ಉಗುರನ್ನು ಶಿಗ್ಗಾಂವಿಯಿಂದ ಹಳಿಯ ಮೇಲೆ ಇಟ್ಟು ಎಳೆಯುತ್ತ ಹೋದೆ. ಹಾನಗಲ್ಲು ದಾಟಿತು, ತಿಳವಳ್ಳಿ ದಾಟಿತು. ಅವರು ಕೂಡಿಸಿದ ಒಂದು ಬೆಸುಗೆಯೂ ನನಗೆ ಸಿಗಲಿಲ್ಲ. ಉಗುರು ತಡೆದದ್ದು ಒಂದೇ ಕಡೆ, ಹಿರೇಕೆರೂರಿನ ಹತ್ತಿರ, ಹಳಿ ಉಸಿರಾಡಲಿ ಎಂದು ಅವರು ಬಿಟ್ಟುಹೋದ ಸಂದಿನಲ್ಲಿ.