ಎಡಗಡೆ ಸೀಟಿನ ಗಂಟೆ

ತುಮಕೂರಿನಿಂದ ಬೆಳಗಿನ ಬಸ್ಸಿಗೆ ಬೆಂಗಳೂರು, ಅಲ್ಲಿಂದ ರೈಲಿಗೆ ಬಂಗಾರಪೇಟೆ. ಹೊರಟಾಗ ನನ್ನ ಜೊತೆಗಿದ್ದದ್ದು ಒಂದು ಬ್ಯಾಗು, ಒಂದು ಡಬ್ಬಿ ಚಪಾತಿ, ಮತ್ತು ನಮ್ಮವರ ಮೇಲಿನ ಸಿಟ್ಟು. ಡ್ರೈವಿಂಗ್ ಸ್ಕೂಲ್ ನಡೆಸುವ ಹೆಂಗಸು ಕಾರು ತರಲು ರೈಲಿನಲ್ಲಿ ನಿಂತುಕೊಂಡು ಹೋಗಬೇಕಾಯಿತಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರನ್ನು ಬೈದುಕೊಂಡೆ. ಬೈಸಿಕೊಳ್ಳಲು ಅವರು ಇರಲಿಲ್ಲ.

ಸ್ಕೂಲು ನಮ್ಮಿಬ್ಬರದು. ಗಂಡಸರಿಗೆ ಅವರು ಕಲಿಸುತ್ತಿದ್ದರು, ಹೆಂಗಸರಿಗೆ ನಾನು. ಅವರಿಗೆ ಹಳೆಯ ಕಾರಿನ ಹುಚ್ಚು. ಕೆಜಿಎಫ್‌ನ ಗಣಿ ಬಂಗಲೆಯೊಂದರ ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತಿದ್ದ, ಎರಡೇ ಬಾಗಿಲಿನ, ಇಬ್ಬರೇ ಕೂರುವ ಕೂಪೆ ಕಾರನ್ನು ಕೊಂಡು, ಅದನ್ನು ಉರಿಗಾಂನ ಸೆಲ್ವರಾಜ್ ಎಂಬ ಮೆಕ್ಯಾನಿಕ್ ಕೈಗೆ ಒಪ್ಪಿಸಿದ್ದರು. ಹಳೆಯ ಮೈಗೆ ಹೊಸ ಇಂಜಿನ್ನು, ಹೊಸ ಬ್ರೇಕು ಕೂಡಿಸಿ ಹಾಟ್ ರಾಡ್ ಮಾಡಿಸುವುದು ಅವರ ಆಸೆ. ಗಾಡಿ ಮುಗಿಯುವ ಮೊದಲೇ, ಹೋದ ಮಳೆಗಾಲದಲ್ಲಿ, ಎದೆನೋವು ಎಂದು ಕೂತವರು ಏಳಲಿಲ್ಲ.

ಈಗ ಗಾಡಿ ಸಿದ್ಧವಾಗಿತ್ತು. ನನಗದು ಬೇಡವಾಗಿತ್ತು. ಬೆಂಗಳೂರಿನಲ್ಲಿ ಹಳೆಯ ಕಾರುಗಳನ್ನು ಇಟ್ಟುಕೊಳ್ಳುವ ಒಬ್ಬರು ಕೊಳ್ಳಲು ಒಪ್ಪಿದ್ದರು. ಮರುದಿನ ಬೆಳಿಗ್ಗೆ ಅವರ ಮನುಷ್ಯ ಬಂಗಾರಪೇಟೆ ಸ್ಟೇಷನ್ ಮುಂದೆ ಬರುತ್ತಾನೆ, ಕೀ ಅವನ ಕೈಗೆ ಕೊಟ್ಟು ನಾನು ರೈಲು ಹತ್ತುವುದು ಎಂದು ಮಾತಾಗಿತ್ತು. ಅಲ್ಲಿಯವರೆಗಿನ ಹದಿನೈದು ಕಿಲೋಮೀಟರ್ ಮಾತ್ರ ನಾನೇ ಓಡಿಸಬೇಕೆಂದು ಹಟ ಹಿಡಿದಿದ್ದೆ. ಆ ಹಟ ಯಾಕೆ ಎಂದು ಕೇಳಿದ್ದರೆ ಆಗ ಹೇಳಲು ಬರುತ್ತಿರಲಿಲ್ಲ.

ಬಂಗಾರಪೇಟೆಯಲ್ಲಿ ರೈಲು ಬದಲಿಸುವಷ್ಟರಲ್ಲಿ ಒಂದು ಪ್ಲೇಟು ಪಾನಿಪುರಿ ತಿಂದೆ. ನೀರಿನಂತೆ ತಿಳಿಯಾದ ಪಾನಿ. ಬಾಯಿಗಿಟ್ಟರೆ ಮಾತ್ರ ಕಣ್ಣಲ್ಲಿ ನೀರು. ಆಮೇಲೆ ಕವಲು ಹಳಿಯ ರೈಲು. ಉರಿಗಾಂ ಹತ್ತಿರವಾದಂತೆ ಕಿಟಕಿಯ ಆಚೆ ಬೂದು ಬಣ್ಣದ, ನೆತ್ತಿ ಚಪ್ಪಟೆಯಾದ ಗುಡ್ಡಗಳು ಬಂದವು. ಅವು ಗುಡ್ಡಗಳಲ್ಲ, ಚಿನ್ನ ಸೋಸಿ ಎಸೆದ ಮಣ್ಣು ಎಂದು ಎದುರು ಕೂತಿದ್ದ ಹೆಂಗಸು ಹೇಳಿದಳು. ಡಿಸೆಂಬರಿನ ಗಾಳಿಗೆ ಅವುಗಳ ಮೇಲಿಂದ ಧೂಳು ಎದ್ದು ರೈಲಿನೊಳಗೆ ಬರುತ್ತಿತ್ತು. ಆಕೆ ಮೂಗಿಗೆ ಸೆರಗು ಹಿಡಿದು ಮೂರು ಭಾಷೆಗಳಲ್ಲಿ ಮಗುವನ್ನು ಗದರಿದಳು.

ಸ್ಟೇಷನ್ನಿನಿಂದ ಸೆಲ್ವರಾಜನ ಶೆಡ್ಡಿಗೆ ನಡೆದೇ ಹೋದೆ. ಎರಡೂ ಕಡೆ ಗಣಿ ಕೆಲಸಗಾರರ ಸಾಲುಮನೆಗಳು, ಕೆಲವಕ್ಕೆ ಬಾಗಿಲು ಇತ್ತು, ಕೆಲವಕ್ಕೆ ಇರಲಿಲ್ಲ. ಮನೆಗಳ ಹಿಂದೆ ನೆಲದಾಳಕ್ಕೆ ಇಳಿಯುತ್ತಿದ್ದ, ಈಗ ಮುಚ್ಚಿದ ಶಾಫ್ಟಿನ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ತಿರುಗದ ಎರಡು ಚಕ್ರ. ಮಧ್ಯಾಹ್ನ ಎರಡರ ಸುಮಾರಿಗೆ, ಯಾರೂ ಕರೆಯದೆ, ಯಾವ ಸದ್ದೂ ಆಗದೆ, ಒಂದೊಂದು ಮನೆಯಿಂದ ಒಬ್ಬೊಬ್ಬರಂತೆ ಮುದುಕಿಯರು ಹೊರಗೆ ಬಂದು ಹೊಸ್ತಿಲ ಮೇಲೆ ನಿಂತರು. ಗೋಪುರದ ಕಡೆ ನೋಡಿದರು. ಸ್ವಲ್ಪ ಹೊತ್ತಿಗೆ ಒಳಗೆ ಹೋದರು. ಅದು ಪಾಳಿ ಬಿಟ್ಟು ಗಂಡಸರು ಮೇಲೆ ಬರುತ್ತಿದ್ದ ಹೊತ್ತು ಎಂದು ಆಮೇಲೆ ತಿಳಿಯಿತು. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು.

ಗಾಡಿ ನೋಡಿದಾಗ ಸಿಟ್ಟು ಅರ್ಧ ಇಳಿಯಿತು. ಚಾವಣಿಯನ್ನು ಕತ್ತರಿಸಿ ತಗ್ಗಿಸಿದ್ದರು, ಮುಂದಿನ ಗಾಲಿಗಳ ಮೇಲಿನ ಮಡ್‌ಗಾರ್ಡ್ ತೆಗೆದಿದ್ದರು, ಹಿಂದಕ್ಕೆ ದಪ್ಪ ಟೈರು. ಅಪಘಾತವಾದ ಜೀಪೊಂದರಿಂದ ತೆಗೆದ ಡೀಸೆಲ್ ಇಂಜಿನ್ನು, ಪವರ್ ಸ್ಟೇರಿಂಗು, ಡಿಸ್ಕ್ ಬ್ರೇಕು. ಹಳೆಯ ಮರದ ಡ್ಯಾಶ್‌ಬೋರ್ಡಿನಲ್ಲಿ ನೀಲಿ ಅಂಕಿಗಳ ಮೀಟರು ಹೊಳೆಯುತ್ತಿತ್ತು. ಮುಂದಿನ ಗಾಜು ಎಷ್ಟು ಕಿರಿದಾಗಿತ್ತೆಂದರೆ ಹೊರಗಿನದೆಲ್ಲ ಬಾಗಿಲ ಸಂದಿಯಿಂದ ಇಣುಕಿದ ಹಾಗೆ ಕಾಣುತ್ತಿತ್ತು. ಆರ್‌ಟಿಓದವರಿಗೆ ಇದನ್ನು ಏನೆಂದು ಪರಿಚಯ ಮಾಡಿಸುತ್ತಿದ್ದರೋ ನಮ್ಮವರು!

ಎಡಗಡೆ ಸೀಟಿನ ಪಕ್ಕ ಒಂದು ಹಿತ್ತಾಳೆ ಗುಂಡಿ ಇತ್ತು. ಒತ್ತಿದರೆ ಡ್ರೈವರ್ ಕಿವಿಯ ಹತ್ತಿರ ಟಣ್ಣೆಂದು ಗಂಟೆ. ಡ್ರೈವರ್ ಕಡೆಯೂ ಒಂದು ಗುಂಡಿ. ಅದನ್ನು ಒತ್ತಿದರೆ ಎಡಗಡೆ ಗಂಟೆ. ಇದೇನು ಎಂದು ಕೇಳಿದೆ. ಸೆಲ್ವರಾಜ್ ಸಂಕೋಚದಿಂದ ನಕ್ಕ. ನಾನು ಪಕ್ಕದಲ್ಲಿ ಕೂತು ಸದಾ ‘ನಿಲ್ಸಿ, ನಿಧಾನ’ ಎಂದು ಕಿರುಚುತ್ತೇನೆ, ಕಿರುಚುವ ಬದಲು ಗಂಟೆ ಹೊಡೆಯಲಿ ಎಂದು ಸಾಹೇಬರೇ ಹಾಕಿಸಿದ್ದಂತೆ. ಗಂಟೆ ಕೊಟ್ಟವರು ಸೆಲ್ವರಾಜನ ತಂದೆ ಮುನಿಸ್ವಾಮಿ. ಅವರು ಗಣಿಯಲ್ಲಿ ವೈಂಡಿಂಗ್ ಡ್ರೈವರ್ ಆಗಿದ್ದವರು, ಎಂದರೆ ಮನುಷ್ಯರನ್ನು ಪಂಜರದಂಥ ಕೇಜಿನಲ್ಲಿ ಶಾಫ್ಟಿಗೆ ಇಳಿಸಿ ಎತ್ತುವ ಯಂತ್ರ ನಡೆಸಿದವರು.

ಪಕ್ಕದಲ್ಲಿ ಯಾರಾದರೂ ಕೂತರೆ ನನಗೆ ಗಾಡಿ ಅರ್ಥವಾಗುವುದಿಲ್ಲ. ಒಬ್ಬಳೇ ಒಂದು ಸುತ್ತು ಹೋಗಿ ಬರುತ್ತೇನೆಂದು ಹೊರಟೆ. ಸಾಲುಮನೆಗಳನ್ನು ದಾಟಿ ಗೋಪುರದ ಕಡೆಯ ಕಿತ್ತುಹೋದ ರಸ್ತೆಗೆ ಬಂದಾಗ ಕಿವಿಯ ಪಕ್ಕ ಟಣ್ಣೆಂದಿತು. ಒಂದೇ ಸಲ. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಮುಂದೆ ಏನೂ ಇರಲಿಲ್ಲ, ನಾಯಿಯೂ ಇಲ್ಲ, ಮನುಷ್ಯರೂ ಇಲ್ಲ. ಎಡಗಡೆ ಸೀಟು ಖಾಲಿ. ಇಂಜಿನ್ನು ಗುರುಗುಟ್ಟುತ್ತಿತ್ತು. ಮತ್ತೆ ಗೇರು ಹಾಕಿ ಹತ್ತು ಮಾರು ಹೋಗಿದ್ದೆನೋ ಇಲ್ಲವೋ, ಟಣ್, ಟಣ್, ಟಣ್. ನಾನು ಎಡಕ್ಕೆ ನೋಡಲೇ ಇಲ್ಲ. ನೋಡುವ ಧೈರ್ಯ ಇರಲಿಲ್ಲ.

ಶೆಡ್ಡಿಗೆ ಬಂದು ಹೇಳಿದೆ. ಅರ್ಥ್ ವೈರ್ ಸಡಿಲವಾಗಿರಬೇಕು, ಕುಲುಕಿದಾಗ ತಾಗುತ್ತದೆ ಎಂದು ಸೆಲ್ವರಾಜ್ ಸ್ಕ್ರೂಡ್ರೈವರ್ ಎತ್ತಿಕೊಂಡ. ಮೂಲೆಯಲ್ಲಿ ಕುರ್ಚಿ ಹಾಕಿ ಕೂತಿದ್ದ ಮುನಿಸ್ವಾಮಿ ಕೈ ಅಡ್ಡ ಹಿಡಿದರು.

"ಎಷ್ಟು ಸಲ ಒಡೀತಮ್ಮಾ?"

ಮೊದಲು ಒಂದು, ಆಮೇಲೆ ಮೂರು ಎಂದೆ.

"ಒಂದಕ್ಕೆ ನಿಲ್ಸಿದ್ರಾ? ಸರಿ. ಮೂರಕ್ಕೆ ಉತ್ರ ಕೊಟ್ರಾ?"

ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಒಂದು ಗಂಟೆ ಎಂದರೆ ನಿಲ್ಲು. ಮೂರು ಎಂದರೆ ಕೇಜಿನೊಳಗೆ ಮನುಷ್ಯರು ಹತ್ತಿದ್ದಾರೆ. ಡ್ರೈವರ್ ತಿರುಗಿ ಮೂರು ಹೊಡೆಯಬೇಕು. ಆ ಉತ್ತರ ಹೋಗದೆ ಕೇಜು ಕದಲಕೂಡದು.

"ಅಷ್ಟು ವರ್ಷ ಎತ್ತಿ ಇಳ್ಸಿದೀನಿ, ಕೇಜಲ್ಲಿರೋರ ಮುಖ ಒಂದಿನಾನೂ ಕಂಡಿಲ್ಲ. ನಾನು ಕುಂತಿರೋದು ದೂರದ್ ಮನೇಲಿ. ಅವ್ರಿಗೆ ನಾನು ಕಾಣಲ್ಲ, ನನಗೆ ಅವ್ರು ಕಾಣಲ್ಲ. ಗಂಟೆ ಬಂದ್ರೆ ಯಾರು ಕೊಟ್ರು ಅಂತ ಕೇಳಂಗಿಲ್ಲಮ್ಮಾ. ಉತ್ರ ಕೊಡ್ಬೇಕು, ಅಷ್ಟೇ."

ಗಣಿ ಮುಚ್ಚಿ, ಕರೆಂಟು ತೆಗೆಯುವ ಮುನ್ನಾದಿನ, ಎಲ್ಲರೂ ಮೇಲೆ ಬಂದಾದ ಮೇಲೆ ಕೆಳಗಿನಿಂದ ಮೂರು ಗಂಟೆ ಬಂದಿತ್ತಂತೆ. ನೀರು ತುಂಬಿ ವೈರಿಗೆ ವೈರು ತಾಗಿದೆ ಎಂದು ಜೊತೆಯವರು ಅವರನ್ನು ಎಬ್ಬಿಸಿಕೊಂಡು ಹೋದರು. ಆ ಗಂಟೆಗೆ ತಾನು ಉತ್ತರ ಕೊಡಲಿಲ್ಲ ಎಂದರು ಮುನಿಸ್ವಾಮಿ. ಸೆಲ್ವರಾಜ್ ಕೆಳಗೆ ನೋಡುತ್ತಾ ನಿಂತಿದ್ದ. ಇದನ್ನು ಅವನು ಎಷ್ಟೋ ಸಲ ಕೇಳಿರಬೇಕು.

ರಾಬರ್ಟ್‌ಸನ್‌ಪೇಟೆಯ ಲಾಡ್ಜಿಗೆ ಆಟೊದಲ್ಲಿ ಹೋದೆ. ಊಟ ಸೇರಲಿಲ್ಲ. ಬೆಳಿಗ್ಗೆ ಮಂಜು ಕವಿದಿತ್ತು. ಮತ್ತೆ ಶೆಡ್ಡಿಗೆ ಬಂದವಳು ಗಂಟೆ ಸರಿ ಮಾಡು ಎಂದು ಸೆಲ್ವರಾಜನಿಗೆ ಹೇಳಿದೆ. ರಸ್ತೆಯಲ್ಲಿ ಸುಳ್ಳು ಗಂಟೆ ಹೊಡೆಯುವ ಗಾಡಿ ಓಡಿಸುವುದು ಅಪಾಯ, ಕಲಿಯುವವರಿಗೆ ನಾನೇ ಹೇಳುವ ಮಾತು. ಅವನು ಸೀಟು ಬಿಚ್ಚಿ, ಕಂಬಿಗೆ ಉಜ್ಜಿ ಸಿಪ್ಪೆ ಸುಲಿದಿದ್ದ ವೈರನ್ನು ತೋರಿಸಿದ. ಟೇಪು ಸುತ್ತಿ ಬಿಗಿ ಮಾಡಿದ. ಅಷ್ಟೇ ಇತ್ತು ಸಂಗತಿ. ಮುನಿಸ್ವಾಮಿ ಹೊರಗೆ ಬರಲಿಲ್ಲ, ಬೀಳ್ಕೊಡಲೂ ಇಲ್ಲ.

ಬಂಗಾರಪೇಟೆಯ ದಾರಿ ಹಿಡಿದೆ. ಕಿರಿದಾದ ಗಾಜಿನಲ್ಲಿ ಮಂಜು ಬಿಟ್ಟರೆ ಏನೂ ಕಾಣದು. ಕೆಲಸಕ್ಕೆ ಹೊರಟ ಸೈಕಲ್ಲುಗಳು ಇದ್ದಕ್ಕಿದ್ದಂತೆ ಮೂಡಿ, ಸವಾರರು ಈ ವಿಚಿತ್ರ ಗಾಡಿಯನ್ನು ಬಾಯಿ ಬಿಟ್ಟು ನೋಡುವಷ್ಟರಲ್ಲಿ ಮಾಯವಾಗುತ್ತಿದ್ದರು. ರಸ್ತೆಗೆ ಗುಂಡಿ ಬಿದ್ದ ಕಡೆ ಗಾಡಿ ಕುಲುಕಿತು. ನಾನು ಉಸಿರು ಹಿಡಿದೆ. ಗಂಟೆ ಹೊಡೆಯಲಿಲ್ಲ. ಇನ್ನೊಂದು ಗುಂಡಿ ಬಂತು, ಆಗಲೂ ಹೊಡೆಯಲಿಲ್ಲ. ಮೂರನೆಯ ಗುಂಡಿಯನ್ನು ತಪ್ಪಿಸಲು ಜಾಗವಿದ್ದರೂ ನೇರವಾಗಿ ಅದರ ಮೇಲೇ ಹತ್ತಿಸಿದೆ. ಗಂಟೆ ಹೊಡೆಯಲಿ ಎಂದೇ ಹಾಗೆ ಮಾಡಿದ್ದೆನೆಂದು ಆಗ ಗೊತ್ತಾಯಿತು. ಇದಕ್ಕಿಂತ ನಿನ್ನೆಯ ಭಯವೇ ಮೇಲಾಗಿತ್ತು.

ಊರು ಇನ್ನೂ ಎರಡು ಕಿಲೋಮೀಟರ್ ಇರುವಾಗ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿದೆ. ಖಾಲಿ ಸೀಟನ್ನು ಮೊದಲ ಸಲ ನೆಟ್ಟಗೆ ನೋಡಿದೆ. ಅಲ್ಲಿ ಅವರು ಕೂತಿದ್ದಾರೆಂದು ನಿನ್ನೆಯಿಂದ ಹೆದರಿದ್ದೆನಲ್ಲ, ಅವರು ಅಲ್ಲಿ ಯಾಕೆ ಕೂರುತ್ತಾರೆ? ಕಲಿಯುವವರ ಜೊತೆ ಎಡಕ್ಕೆ ಕೂರುತ್ತಿದ್ದರು ನಿಜ. ನಾನಿದ್ದಾಗ ಸ್ಟೇರಿಂಗ್ ಅವರದೇ. ಎಡಗಡೆಯದು ನನ್ನ ಸೀಟು. ಗಂಟೆಯೂ ನನ್ನದೇ, ನನಗೆಂದೇ ಹಾಕಿಸಿದ್ದು. ಹಾಗಾದರೆ ನಿನ್ನೆ ನನ್ನ ಜಾಗದಲ್ಲಿ ಕೂತು ಅದನ್ನು ಹೊಡೆದದ್ದು ಯಾರು? ವೈರು, ಬೇರೆ ಯಾರೂ ಅಲ್ಲ ಎಂದು ಜೋರಾಗಿಯೇ ಹೇಳಿಕೊಂಡೆ. ಮಂಜಿನಲ್ಲಿ ನನ್ನ ದನಿ ನನ್ನದಲ್ಲದ ಹಾಗೆ ಕೇಳಿಸಿತು.

ಇಂಜಿನ್ನು ಆರಿಸದೆ ಇಳಿದು, ಸುತ್ತಿ ಬಂದು ಎಡಗಡೆ ಕೂತೆ. ಬಾಗಿಲು ಎಳೆದುಕೊಂಡೆ. ಬಲಗಡೆ ಸ್ಟೇರಿಂಗ್ ಮುಂದೆ ಯಾರೂ ಇಲ್ಲ. ಇಂಜಿನ್ನಿನ ನಡುಕಕ್ಕೆ ಸ್ಟೇರಿಂಗ್ ಮಾತ್ರ ಸಣ್ಣಗೆ ಅದುರುತ್ತಿತ್ತು. ಗುಂಡಿ ಒತ್ತಿದೆ. ಟಣ್, ಟಣ್, ಟಣ್.

ಕಾದೆ. ಒಂದು ಲಾರಿ ಹೋಯಿತು. ಎಲ್ಲೋ ರೈಲು ಕೂಗಿತು. ಸ್ಟೇಷನ್ ಮುಂದೆ ನಿಂತಿದ್ದ ಬೆಂಗಳೂರಿನ ಮನುಷ್ಯ ಫೋನ್ ಮಾಡಿ, ಇನ್ನೂ ಎಷ್ಟು ಹೊತ್ತಾಗುತ್ತದೆ ಮೇಡಂ ಎಂದ. ಗಾಡಿ ಕೊಡುವುದಿಲ್ಲ, ಕ್ಷಮಿಸಿ ಎಂದೆ. ಅವನು ಏನೇನೋ ಅಂದ, ನಾನು ಫೋನ್ ಆರಿಸಿದೆ. ಮತ್ತೂ ಕಾದೆ. ಮಂಜು ತೆಳುವಾಗಿ ಎದುರಿನ ಹೊಲ ಕಾಣತೊಡಗಿತು. ನನ್ನ ಕಡೆಯ ಗಂಟೆ ಹೊಡೆಯಲಿಲ್ಲ. ಆರು ತಿಂಗಳಿಂದ ತಡೆದಿಟ್ಟ ಅಳುವನ್ನು ಆ ಸೀಟಿನಲ್ಲೇ ಕೂತು ಅತ್ತು ಮುಗಿಸಿದೆ.

ಆಮೇಲೆ ಇಳಿದು ಬಲಗಡೆಗೆ ಬಂದು ಕೂತೆ. ಸೀಟನ್ನು ನನ್ನ ಕಾಲಿಗೆ ಹೊಂದುವಂತೆ ಮುಂದಕ್ಕೆ ಎಳೆದುಕೊಂಡೆ. ಡ್ರೈವರ್ ಕಡೆಯ ಗುಂಡಿಯನ್ನು ನಾನೇ ಮೂರು ಸಲ ಒತ್ತಿ, ಗೇರು ಹಾಕಿ, ಒಳಗೆ ಮನುಷ್ಯರಿದ್ದಾರೆ ಎಂಬಂತೆ ಮೆಲ್ಲಗೆ ಕ್ಲಚ್ಚು ಬಿಟ್ಟೆ.